ತಾತನ ಕತ್ತಿಯೂ ಕರಿ ಅಂಗಿಯೂ

"ಇನ್ನು ಮುಂದೆ ನನ್ನ ಗಡ್ಡಕ್ಕೆ ನಾನೇ ಧಣಿ. ಈ ಕಾಶಾನ್ ಊರಿನ ಯಾವ ಕ್ಷೌರಿಕನ ಮುಂದೆಯೂ ಕತ್ತು ಚಾಚುವವನಲ್ಲ ನಾನು!" ಎಂದು ಬೆಳಗಿನ ಚಹಾದ ಹೊತ್ತಿಗೆ ಘೋಷಿಸಿದೆ.

ನನ್ನ ಹೆಂಡತಿ ಪರ್ವಾನೆ ರೊಟ್ಟಿ ಮುರಿಯುತ್ತಿದ್ದವಳು ತಲೆ ಎತ್ತಲಿಲ್ಲ. "ಉಸ್ತಾದ್ ಸಫ್ದರ್ ಮತ್ತೆ ಏನಂದ?" ಎಂದಳು.

ಅಂದದ್ದು ಕಡಿಮೆಯೇ? ನನ್ನ ಮುಖಕ್ಕೆಲ್ಲ ಸೋಪಿನ ನೊರೆ ಬಳಿದು, ಬೀದಿಯಲ್ಲಿ ಕರಬೂಜದ ಗಾಡಿಯವನ ಜೊತೆ ಜಗಳಕ್ಕೆ ಹೋಗಿಬಿಟ್ಟಿದ್ದ. ನೊರೆ ಒಣಗಿ ಬಿರುಕು ಬಿಟ್ಟಿತು. "ನಾನೊಬ್ಬ ಇಲ್ಲಿದ್ದೀನಿ" ಎಂದು ಕೂಗಿದ್ದಕ್ಕೆ, ಅಂಗಡಿ ತುಂಬ ಜನ ಕೂತಿರುವಾಗ, "ನಾದಿರ್ ಆಕಾ ಮುಖ ಎಷ್ಟು ಹೊತ್ತು ಇಟ್ರೂ ಕೆಡಲ್ಲ ಬಿಡಿ, ಕೆಡೋಕೆ ಅಲ್ಲೇನಿದೆ?" ಎಂದ. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು, ಏಕೆಂದರೆ ಕತ್ತಿ ಅವನ ಕೈಯಲ್ಲಿತ್ತು.

ಅದೇ ವಾರ ಅಟ್ಟದ ಪೆಟ್ಟಿಗೆಯಿಂದ ಚಹಾ ಲೋಟಗಳನ್ನು ಇಳಿಸುವಾಗ ನನ್ನ ತಾತನ ಕ್ಷೌರದ ಕತ್ತಿ ಸಿಕ್ಕಿತ್ತು. ಎಲುಬಿನ ಹಿಡಿ, ಮಡಚಿದರೆ ಸಾಧು, ಬಿಚ್ಚಿದರೆ ಸರದಾರ. ನನ್ನ ಕಸುಬು ರತ್ನಗಂಬಳಿ ರಫೂ ಮಾಡುವುದು. ಇಲಿ ಕಡಿದ ತೂತನ್ನು ನಾನು ಮುಚ್ಚಿದರೆ, ಮಾರನೆಯ ದಿನ ಆ ಇಲಿಯೇ ದಾರಿ ಸಿಗದೆ ವಾಪಸು ಹೋಗಬೇಕು, ಅಂಥ ಕೈ ನನ್ನದು. ಉಣ್ಣೆಯ ಎಳೆಯನ್ನು ಕೂದಲಿನಷ್ಟು ಸಣ್ಣಗೆ ಕತ್ತರಿಸುವವನಿಗೆ ಕೂದಲು ಕತ್ತರಿಸುವುದು ಒಂದು ವಿದ್ಯೆಯೇ?

"ಕಂಬಳಿಗೆ ರಕ್ತ ಬರಲ್ಲ ರೀ" ಎಂದಳು ಪರ್ವಾನೆ.

ಅವಳ ಆತಂಕಕ್ಕೆ ಕಾರಣವಿತ್ತು. ಮುಂದಿನ ವಾರದ ಗುರುವಾರ ಸಂಜೆ ನಮ್ಮ ಮಗಳು ಗುಲ್‌ನಾರ್‌ಳನ್ನು ಕೇಳಲು ಬಹ್ರಾಮನ ಮನೆಯವರು ಬರುವವರಿದ್ದರು. ಬಹ್ರಾಮ್ ತಾಮ್ರದ ಪಾತ್ರೆ ಅಂಗಡಿಯ ಹುಡುಗ. ತೂತೇ ಇಲ್ಲದ ಕಂಬಳಿಗಳನ್ನು ರಫೂಗೆಂದು ನನ್ನ ಅಂಗಡಿಗೆ ಹೊತ್ತು ತಂದು, ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಾಗಲೇ ನನಗೆ ವಿಷಯ ಅರ್ಥವಾಗಿತ್ತು. ನನ್ನ ಮಗಳೂ ಆ ಹೊತ್ತಿಗೇ ನನಗೆ ಊಟ ತರುತ್ತಿದ್ದಳು. ತೊಡಕು ಇದ್ದದ್ದು ಅವನ ತಾಯಿ ಅಕ್ತರ್ ಖಾನಂ ಅವರಲ್ಲಿ. ಅವರಿಗೆ ತಮ್ಮ ತಂಗಿಯ ಮಗಳನ್ನು ತಂದುಕೊಳ್ಳುವ ಆಸೆ. ಮಗ ಊಟ ಬಿಟ್ಟು ಕೂತ ಮೇಲೆ ಒಪ್ಪಿದ್ದರೇ ಹೊರತು ಒಲಿದಿರಲಿಲ್ಲ. ಒಂದು ನೆಪ ಸಿಕ್ಕಿದರೆ ಸಾಕು, ಸಂಬಂಧ ಆ ಕಡೆ ತಿರುಗುತ್ತದೆ ಎಂದು ನಮಗೆಲ್ಲ ಗೊತ್ತಿತ್ತು.

"ಅವತ್ತು ನಿಮ್ಮ ಮುಖ ಮನುಷ್ಯರ ಮುಖದ ಥರ ಇರಬೇಕು, ಅಷ್ಟೇ ನಾನು ಕೇಳೋದು" ಎಂದಳು ಪರ್ವಾನೆ.

"ಅವತ್ತು ನನ್ನ ಮುಖ ನೋಡಿ ಸಂಬಂಧ ಮಾಡ್ತಾರೆ ನೋಡ್ತಿರು" ಎಂದೆ.

ಕತ್ತಿಗೆ ಮೊದಲು ಸಾಣೆಯಾಗಬೇಕು. ಉಸ್ತಾದ್ ಸಫ್ದರ್ ಚರ್ಮದ ಪಟ್ಟಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಉಜ್ಜುವುದನ್ನು ಎಷ್ಟು ಸಲ ನೋಡಿಲ್ಲ? ನನ್ನ ಸೊಂಟದ ಬೆಲ್ಟನ್ನೇ ಕಿಟಕಿಯ ಸರಳಿಗೆ ಸಿಕ್ಕಿಸಿ ಜಗ್ಗಿ ಹಿಡಿದು ಉಜ್ಜಿದೆ. ಕತ್ತಿಯ ಬೆನ್ನು ಮುಂದಾಗಿ ಹೋಗಬೇಕಂತೆ, ಬಾಯಿ ಮುಂದಾಗಿ ಅಲ್ಲವಂತೆ. ಅದು ನನಗೆ ತಿಳಿದದ್ದು ಬೆಲ್ಟು ಎರಡಾಗಿ ನನ್ನ ಕೈಗೆ ಬಂದ ಮೇಲೆ. ಆದರೂ ಕತ್ತಿ ಹರಿತವಾಗಿದೆ ಎಂಬುದು ಖಾತ್ರಿಯಾಯಿತು. ಆ ಸಂತೋಷದಲ್ಲಿ ಪ್ಯಾಂಟು ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಅಲ್ಲಿ ಬುಟ್ಟಿಯ ತುಂಬ ಪೀಚ್ ಹಣ್ಣಿದ್ದವು. ಪೀಚ್ ಹಣ್ಣಿಗೆ ಎಳೆ ಹುಡುಗರ ಕೆನ್ನೆಯ ಹಾಗೆ ನವಿರಾದ ರೋಮ. ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಒಂದಾದ ಮೇಲೊಂದು ಸೋಪು ಹಚ್ಚಿ ಬೋಳಿಸಿದೆ. ಒಂದೇ ಒಂದು ಹಣ್ಣೂ ಅಯ್ಯೋ ಅನ್ನಲಿಲ್ಲ.

ಮಗಳು ಬಂದು ಒಂದು ಹಣ್ಣನ್ನು ಎತ್ತಿ ಮೂಸಿದಳು. "ಬಾಬಾ, ಇದು ಯಾಕೆ ಸೋಪಿನ ವಾಸನೆ ಬರ್ತಿದೆ?"

"ತೊಳೆದು ತಿನ್ನಮ್ಮ, ಕ್ಷೌರ ಆಗಿದೆ" ಎಂದೆ. ಅವಳು ಹಣ್ಣನ್ನು ಇಟ್ಟು ಹೋದಳು.

ಮಾರನೆಯ ಬೆಳಿಗ್ಗೆ ಸ್ವಂತ ಮುಖಕ್ಕೆ ಕೈ ಹಾಕಿದೆ. ಪೀಚ್ ಹಣ್ಣಿಗೂ ನನಗೂ ಇರುವ ವ್ಯತ್ಯಾಸ ಕನ್ನಡಿಯ ಮುಂದೆ ಗೊತ್ತಾಯಿತು. ಹಣ್ಣಿಗೆ ಗದ್ದವಿಲ್ಲ, ಗಂಟಲ ಗುಬುಟಿಲ್ಲ, ಮತ್ತು ಹಣ್ಣು ಹೆದರಿ ಉಗುಳು ನುಂಗುವುದಿಲ್ಲ. ಬಲಗೆನ್ನೆ ಹೇಗೋ ದಾಟಿತು. ಎಡಗೆನ್ನೆಗೆ ಬರುವಾಗ ಕನ್ನಡಿಯಲ್ಲಿ ಎಡ ಯಾವುದು ಬಲ ಯಾವುದು ಎಂದು ಕೈಗೂ ಕಣ್ಣಿಗೂ ತಕರಾರು ಶುರುವಾಯಿತು. ಕೈ ಗೆದ್ದಿತು. ಗದ್ದದಲ್ಲೊಂದು, ದವಡೆಯಲ್ಲೆರಡು, ಮೂಗಿನ ಕೆಳಗೊಂದು, ಕಿವಿಗೂ ಇದಕ್ಕೂ ಸಂಬಂಧವೇ ಇಲ್ಲದಿದ್ದರೂ ಕಿವಿಯಲ್ಲೊಂದು. ಪಟಿಕ ಉಜ್ಜಿದೆ, ಕಣ್ಣಲ್ಲಿ ನೀರು ಬಂತು. ನಮ್ಮೂರಲ್ಲಿ ಯಾವ ಗಾಯಕ್ಕೂ ಪನ್ನೀರು ಮದ್ದು, ಅರ್ಧ ಬಾಟಲಿ ಸುರಿದುಕೊಂಡೆ, ಉಳಿದ ಕಣ್ಣೀರೂ ಬಂತು.

ಪರ್ವಾನೆ ಬಚ್ಚಲ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಬೈಯದಿದ್ದಾಗಲೇ ನನಗೆ ಭಯ.

"ಆ ಕತ್ತಿ ಪೆಟ್ಟಿಗೆಗೆ ಹೋಗಲಿ. ಗಾಯ ಒಣಗೋವರೆಗೂ ಗಡ್ಡ ಮುಟ್ಟಬೇಡಿ. ಬುಧವಾರ ಉಸ್ತಾದ್ ಸಫ್ದರ್ ಹತ್ರ ಹೋಗಿ, ತಪ್ಪಾಯ್ತಪ್ಪ ಅಂತ ಕೂತ್ಕೊಳ್ಳಿ."

"ಆಯ್ತು" ಎಂದೆ. ಕತ್ತಿಯನ್ನು ಜೇಬಿಗೆ ಹಾಕಿಕೊಂಡು ಅಂಗಡಿಗೆ ಒಯ್ದೆ. ಬುಧವಾರ ನಾನೇ ಎರಡನೆಯ ದಾಳಿ ಮಾಡುವುದೆಂದು ಮನಸ್ಸಿನಲ್ಲೇ ನಿರ್ಧರಿಸಿದ್ದೆ. ಬಿಳಿ ಅಂಗಿಯ ಕಾಲರಿಗೆ ರಕ್ತ ತಾಗುತ್ತಿತ್ತು. ಅದಕ್ಕೆ ಬೀರುವಿನಿಂದ ಕರಿ ಅಂಗಿ ತೆಗೆದು ತೊಟ್ಟೆ. ಕರಿ ಅಂಗಿಯಲ್ಲಿ ರಕ್ತ ಕಾಣದು ನೋಡಿ, ಇದೂ ಒಂದು ಜಾಣತನ. ದಿನಾ ಅದನ್ನೇ ಹಾಕಿದೆ. ಗಡ್ಡ ಬೆಳೆಯಿತು. ದಿನಾ ಪನ್ನೀರು ಹಚ್ಚಿದೆ.

ಆಗ ಶುರುವಾಯಿತು ನನಗೆ ಮರ್ಯಾದೆ.

ಹಾಜಿ ಮುರ್ತಜಾ ಅವರ ದಿನಸಿ ಅಂಗಡಿಗೆ ಕಾಲಿಟ್ಟರೆ, ಹಾಡುತ್ತಿದ್ದ ರೇಡಿಯೋ ಗಕ್ಕನೆ ನಿಲ್ಲುತ್ತಿತ್ತು. ಬೀದಿಯಲ್ಲಿ ಚೆಂಡಾಟ ಆಡುವ ಮಕ್ಕಳನ್ನು ತಾಯಂದಿರು ರಟ್ಟೆ ಹಿಡಿದು ಪಕ್ಕಕ್ಕೆಳೆಯುತ್ತಿದ್ದರು. ರೊಟ್ಟಿಯ ಸಾಲಿನಲ್ಲಿ ನಿಂತರೆ ಮುಂದಿದ್ದವರೆಲ್ಲ ಸರಿದು, "ನೀವು ಮೊದಲು ತಗೊಳ್ಳಿ ಆಕಾ" ಎನ್ನುತ್ತಿದ್ದರು. ಉಸ್ತಾದ್ ಸಫ್ದರ್ ಅಂತೂ ನಾನು ಅವನ ಅಂಗಡಿ ಮುಂದೆ ಹಾದರೆ, ನೊರೆ ಹಚ್ಚಿದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸುತ್ತಿದ್ದ. ಒಬ್ಬ ಗಿರಾಕಿ ಕೈ ತಪ್ಪಿದರೆ ಮನುಷ್ಯ ಹೇಗೆ ದಾರಿಗೆ ಬರುತ್ತಾನೆ ನೋಡಿ ಎಂದುಕೊಂಡೆ. ಸ್ವಂತ ಗಡ್ಡವನ್ನು ಸ್ವಂತ ಕೈಯಲ್ಲಿ ಇಟ್ಟುಕೊಂಡವನಿಗೆ ಊರು ತಾನಾಗಿ ಬಾಗುತ್ತದೆ ಎಂಬುದು ನನ್ನ ಸಿದ್ಧಾಂತವಾಯಿತು. ನಾನೂ ಗಂಭೀರವಾಗಿ, ನಿಧಾನವಾಗಿ ನಡೆಯತೊಡಗಿದೆ. ಅದು ಉರಿಯುತ್ತಿದ್ದ ಬೆಂಕಿಗೆ ತುಪ್ಪವಾಯಿತು.

ಒಂದು ದಿನ ಹಾಜಿ ಮುರ್ತಜಾ ನನ್ನನ್ನು ಅಕ್ಕಿ ಚೀಲಗಳ ಹಿಂದೆ ಕರೆದುಕೊಂಡು ಹೋದರು. ದನಿ ತಗ್ಗಿಸಿ, "ಮನೇಲಿ ಇನ್ನೂ ಗೊತ್ತಿಲ್ಲ ತಾನೆ?" ಎಂದರು.

ಅಂಗಡಿಯಲ್ಲಿ ನಾನು ಗುಟ್ಟಾಗಿ ಕತ್ತಿ ಮಸೆಯುವುದನ್ನು ಇವರು ನೋಡಿಬಿಟ್ಟಿದ್ದಾರೆ ಎಂದುಕೊಂಡೆ. "ಇಲ್ಲ ಹಾಜಿ. ಪರ್ವಾನೆಗೆ ಗೊತ್ತಾದ್ರೆ ಮನೆ ಮುರಿದು ಬೀಳುತ್ತೆ. ಗುರುವಾರ ಕಳೆಯೋವರೆಗೂ ಬಾಯಿ ಬಿಡಬೇಡಿ, ನಿಮ್ಮ ಕಾಲು ಹಿಡಿತೀನಿ."

ಹಾಜಿಯವರ ಕಣ್ಣು ತುಂಬಿ ಬಂತು. "ಮಗಳಿಗೋಸ್ಕರ ಇಷ್ಟನ್ನ ಒಬ್ರೇ ನುಂಗ್ಕೊಂಡಿದ್ದೀರಲ್ಲ ಆಕಾ. ನಿಮ್ಮಂಥ ಗಂಡಸನ್ನ ನಾನು ಕಂಡಿಲ್ಲ" ಎಂದು ತಬ್ಬಿಕೊಂಡರು. ನಾನೂ ಅವರ ಬೆನ್ನು ತಟ್ಟಿದೆ. ಕ್ಷೌರದ ವಿಷಯದಲ್ಲಿ ಇಷ್ಟು ಭಾವುಕರಾಗುವ ಮನುಷ್ಯ ಎಂದು ತಿಳಿದಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದರೆ ಬಾಗಿಲ ತುಂಬ ಹೆಂಗಸರ ಚಪ್ಪಲಿ. ಒಳಗಿನಿಂದ ಅಳು. ಓಡಿಹೋಗಿ ನೋಡಿದರೆ ಪರ್ವಾನೆ ನೆಲದ ಮೇಲೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸುತ್ತ ಬೀದಿಯ ಹೆಂಗಸರೆಲ್ಲ. ನಡುವೆ ಅಕ್ತರ್ ಖಾನಂ ಕರವಸ್ತ್ರ ಹಿಡಿದು ಕೂತಿದ್ದರು.

"ನನ್ನ ಅಮ್ಮ ಹೋದಳು, ನೀವು ನನಗೆ ಒಂದು ಮಾತು ಹೇಳಲಿಲ್ಲ!" ಎಂದು ಪರ್ವಾನೆ ನನ್ನ ಕಾಲರು ಹಿಡಿದಳು.

ನನ್ನ ಅತ್ತೆ ತೂಬಾ ಖಾನಂ ನಮ್ಮ ಜೊತೆಯಲ್ಲೇ ಇರುವವರು. ದಿನವಿಡೀ ಬೀದಿಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಹೋಗುವವರು ಬರುವವರ ತನಿಖೆ ಮಾಡುವುದು ಅವರ ದಿನಚರಿ. ಬೇರೆ ಊರಲ್ಲಿರುವ ಕಿರಿಯ ಮಗಳನ್ನು ನೋಡಲು ಯಜ್ದ್‌ಗೆ ಹೋಗಿ ಎರಡು ವಾರವಾಗಿತ್ತು. ಖಾಲಿ ಸ್ಟೂಲು. ಅಳಿಯನಿಗೆ ಸಾವಾದ ಮನೆಯ ಗಂಡಸರು ಬಿಡುವ ಗಡ್ಡ, ಅಳಿಯನಿಗೆ ಅವರು ತೊಡುವ ಕರಿ ಅಂಗಿ, ಅಳಿಯನ ಮೈಯಿಂದ ಗೋರಿಗೆ ಚಿಮುಕಿಸುವ ಪನ್ನೀರಿನ ವಾಸನೆ, ಅಳಿಯನ ಮುಖದಲ್ಲಿ ದುಃಖ ತಾಳದೆ ಪರಚಿಕೊಂಡ ಗಾಯ. ಸಾಲದ್ದಕ್ಕೆ ಹಿಂದಿನ ಗುರುವಾರ ಪರ್ವಾನೆ ಎಂದಿನಂತೆ ತನ್ನ ಅಪ್ಪನ ಹೆಸರಲ್ಲಿ ಹಲ್ವ ಮಾಡಿ, "ತೀರಿಕೊಂಡವರಿಗಾಗಿ ಪ್ರಾರ್ಥನೆ ಮಾಡಿ" ಎಂದು ನೆರೆಮನೆಗಳಿಗೆ ಕಳಿಸಿದ್ದಳು. ಸೂತಕದ ಮನೆ ಇನ್ನು ಹೇಗಿರಬೇಕು? ಅತ್ತೆ ಯಜ್ದ್‌ನಲ್ಲಿ ತೀರಿಕೊಂಡರು, ಮಗಳ ಮದುವೆ ಮಾತು ಕೆಡದಿರಲಿ ಎಂದು ಆ ಪುಣ್ಯಾತ್ಮ ಹೆಂಡತಿಗೂ ಹೇಳದೆ ಒಬ್ಬನೇ ಅಳುತ್ತಿದ್ದಾನೆ ಎಂದು ಇಡೀ ಬೀದಿ ತೀರ್ಮಾನಿಸಿತ್ತು. ಇಡೀ ಬೀದಿ ಗುಟ್ಟು ಕಾಪಾಡಿತ್ತು. ಒಡೆದದ್ದು ಅಕ್ತರ್ ಖಾನಂ. ಸಾಂತ್ವನ ಹೇಳಲು ಬಂದು, ನಲವತ್ತು ದಿನದ ಸೂತಕ ಕಳೆಯುವವರೆಗೆ ಮದುವೆ ಮಾತು ಬೇಡ ಎಂದು ಬಿಟ್ಟಿದ್ದರು. ಕಣ್ಣಲ್ಲಿ ನೀರಿತ್ತು, ಆದರೆ ಮುಖದಲ್ಲಿ ಎಂಥ ನೆಮ್ಮದಿ ಅಂತೀರಿ! ಬಯಸಿದ ನೆಪ ತಟ್ಟೆಯಲ್ಲಿ ಸಿಕ್ಕಿತ್ತು.

"ಪರ್ವಾನೆ, ಯಾರೂ ಸತ್ತಿಲ್ಲ ಕಣೇ! ಅತ್ತೆ ಚೆನ್ನಾಗಿದ್ದಾರೆ" ಎಂದೆ.

ಅಳು ಇಮ್ಮಡಿಯಾಯಿತು. ನಾನು ಮರೆತದ್ದು ಇದನ್ನೇ. ನಮ್ಮಲ್ಲಿ ಸಾವಿನ ಸುದ್ದಿಯನ್ನು ಯಾರೂ ಒಂದೇ ಸಲ ಹೇಳುವುದಿಲ್ಲ. ಮೊದಲ ದಿನ "ಚೆನ್ನಾಗಿದ್ದಾರೆ" ಎನ್ನುತ್ತಾರೆ, ಆಮೇಲೆ "ಸ್ವಲ್ಪ ಜ್ವರ" ಎನ್ನುತ್ತಾರೆ, ಆಮೇಲೆ "ಆಸ್ಪತ್ರೆಯಲ್ಲಿದ್ದಾರೆ" ಎನ್ನುತ್ತಾರೆ. ಚೆನ್ನಾಗಿದ್ದಾರೆ ಎಂದು ಒತ್ತಿ ಹೇಳಿದಷ್ಟೂ ಕೇಳುವವರ ಎದೆ ಒಡೆಯುತ್ತದೆ.

"ನೋಡಿದ್ರಾ, ಇನ್ನೂ ಮೆತ್ತಗೆ ಹೇಳ್ತಿದ್ದಾರೆ ಪಾಪ" ಎಂದಳೊಬ್ಬಳು.

"ಇಲ್ಲರೀ, ನಿಜವಾಗಲೂ ಗಟ್ಟಿಮುಟ್ಟಾಗಿದ್ದಾರೆ!"

"ಅಯ್ಯೋ ದೇವರೇ" ಎಂದು ಪರ್ವಾನೆ ಒರಗಿದಳು.

ನಾನು ಹಾಜಿಯವರ ಅಂಗಡಿಗೆ ಓಡಿದೆ. ಇಡೀ ಬೀದಿಗಿದ್ದ ಒಂದೇ ಟೆಲಿಫೋನು ಅಲ್ಲಿತ್ತು. ಯಜ್ದ್‌ಗೆ ಫೋನು ಹಚ್ಚಿದರೆ ಗಂಟೆ ಬಾರಿಸಿತು, ಬಾರಿಸಿತು, ಯಾರೂ ಎತ್ತಲಿಲ್ಲ. "ಎಲ್ಲರೂ ಸ್ಮಶಾನಕ್ಕೆ ಹೋಗಿರಬೇಕು" ಎಂದು ಹಾಜಿ ಕಣ್ಣೊರೆಸಿಕೊಂಡರು. ಹೆಂಡತಿಯ ಅಳು ಕಿವಿಯಲ್ಲಿ ಕೊರೆಯುತ್ತಿತ್ತು. ಆ ಕತ್ತಿಯನ್ನು ಬಾವಿಗೆ ಎಸೆದು ನಾನೂ ಹಿಂದೆಯೇ ಹಾರಿಬಿಡಬೇಕು ಅನ್ನಿಸಿತು.

ವಾಪಸು ಬಂದಾಗ ಗುಲ್‌ನಾರ್ ನನ್ನನ್ನು ಅಡುಗೆಮನೆಗೆ ಎಳೆದಳು. "ಬಾಬಾ, ಅಜ್ಜಿ ಸತ್ತಿಲ್ಲ. ಇದೆಲ್ಲ ಆ ಕತ್ತಿ ಕೆಲಸ ತಾನೆ?"

"ನೀನೊಬ್ಬಳಾದರೂ ನಂಬಿದೆಯಲ್ಲಮ್ಮ."

"ನಾನು ಪೀಚ್ ಹಣ್ಣು ನೋಡಿದ್ದೆನಲ್ಲ." ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿದಳು. "ಸತ್ತಿಲ್ಲ ಅಂದ್ರೆ ಇವರು ನಂಬಲ್ಲ. ಬಿಡಿ. ದುಃಖ ಮುಗೀತು ಅಂದ್ರೆ ನಂಬ್ತಾರೆ. ನೀವು ಅಂಗಳದಲ್ಲಿ ಕೂತ್ಕೊಳ್ಳಿ, ಮಾತಾಡಬೇಡಿ. ಬಹ್ರಾಮ್‌ಗೆ ಹೇಳಿ ಕಳಿಸಿದ್ದೀನಿ."

ಇವಳ ಬುದ್ಧಿ ಎಲ್ಲಿಂದ ಬಂತೋ, ನನ್ನ ಕಡೆಯಿಂದಂತೂ ಅಲ್ಲ. ಸೂತಕದ ಮನೆಯಲ್ಲಿ ಶುಭಕಾರ್ಯ ಎದುರಿಗಿದ್ದರೆ, ಹಿರಿಯರು ಬಿಳಿ ಅಂಗಿ ತಂದು, ಕ್ಷೌರಿಕನನ್ನು ಕರೆತಂದು, ಮನೆಯ ಗಂಡಸಿನ ಗಡ್ಡ ತೆಗೆಸಿ ಸೂತಕ ಮುಗಿಸಬಹುದು. ಗಡ್ಡ ಹೋದರೆ ದುಃಖ ಹೋಯಿತು ಎಂದು ಲೆಕ್ಕ. ಸಂಜೆಯ ಬಿಸಿಲು ಗೋಡೆ ಏರುವ ಹೊತ್ತಿಗೆ ಬಹ್ರಾಮ್ ತನ್ನ ತಂದೆಯನ್ನೂ ಹಾಜಿ ಮುರ್ತಜಾ ಅವರನ್ನೂ ಹೊರಡಿಸಿಕೊಂಡು ಬಂದ. ಅವರ ಹಿಂದೆ ಪೆಟ್ಟಿಗೆ ಹಿಡಿದು, ಮೂಗು ಕೆಂಪಾಗಿಸಿಕೊಂಡು ಬಂದವನು ಉಸ್ತಾದ್ ಸಫ್ದರ್.

"ಆ ತಾಯಿ ನನ್ನ ಅಂಗಡಿ ಮುಂದೆ ಹೋಗುವಾಗಲೆಲ್ಲ ಬೈಯೋರು" ಎಂದು ಬಿಕ್ಕಿದ. "ಇನ್ನು ನನ್ನನ್ನ ಯಾರು ಬೈತಾರೆ ಆಕಾ?"

ಯಾರ ಮುಂದೆ ಕತ್ತು ಚಾಚುವುದಿಲ್ಲ ಎಂದಿದ್ದೆನೋ ಅವನ ಮುಂದೆಯೇ ಅಂಗಳದ ಕುರ್ಚಿಯಲ್ಲಿ ಕೂತು ಕತ್ತು ಚಾಚಿದೆ. ಬಿಳಿ ಬಟ್ಟೆ ಹೊದಿಸಿದ. ನೊರೆ ಹಚ್ಚಿದ. ಈ ಸಲ ಯಾವ ಜಗಳಕ್ಕೂ ಹೋಗಲಿಲ್ಲ. ಬಲಗೆನ್ನೆ ಬೆಣ್ಣೆಯ ಹಾಗೆ ಆಯಿತು. ಹೆಂಗಸರು ಕಿಟಕಿಯಿಂದ ನೋಡುತ್ತಿದ್ದರು. ಅಕ್ತರ್ ಖಾನಂ ಮುಖ ಸಣ್ಣದಾಗಿತ್ತು, ಗಂಡನೇ ಮುಂದೆ ನಿಂತು ಸೂತಕ ಕಳೆಸುತ್ತಿದ್ದ ಮೇಲೆ ಅವರೇನು ಮಾಡಿಯಾರು? ಎಡಗೆನ್ನೆಯೊಂದು ಮುಗಿದರೆ ನನ್ನ ಮಗಳ ದಾರಿ ಸರಾಗ.

ಉಸ್ತಾದ್ ನನ್ನ ಮುಖವನ್ನು ಬಲಕ್ಕೆ ತಿರುಗಿಸಿದ. ಆಗ ಬೀದಿಬಾಗಿಲು ತೆರೆಯಿತು.

ನನ್ನ ಅತ್ತೆ ತೂಬಾ ಖಾನಂ ಒಂದು ಕೈಯಲ್ಲಿ ಗಂಟು, ಇನ್ನೊಂದರಲ್ಲಿ ಯಜ್ದ್‌ನ ಮಿಠಾಯಿ ಪೆಟ್ಟಿಗೆ ಹಿಡಿದು ನಿಂತಿದ್ದರು. "ಬಸ್ಸಲ್ಲಿ ಸೊಂಟ ಬಿದ್ದೋಯ್ತು. ಬಾಗಿಲಲ್ಲಿ ನನ್ನ ಸ್ಟೂಲ್ ಯಾರು ತೆಗೆದಿದ್ದು?" ಎಂದರು.

ಒಳಗೆ ಯಾರೋ ಕಿಟಾರನೆ ಕಿರುಚಿದರು. ಹಾಜಿ ಮುರ್ತಜಾ ಪ್ರಾರ್ಥನೆ ಶುರುಮಾಡಿದರು. ಉಸ್ತಾದನ ಕತ್ತಿ ನನ್ನ ಗಂಟಲ ಮೇಲೆ ನಿಂತೇ ಬಿಟ್ಟಿತು. ಅತ್ತೆ ಯಾರನ್ನೂ ಲೆಕ್ಕಿಸದೆ ನೆರೆಯ ಹೆಂಗಸರು ಸಾವಿನ ಮನೆಗೆಂದು ತಂದು ಜಗಲಿಯ ಮೇಲಿಟ್ಟಿದ್ದ ತಟ್ಟೆಯಿಂದ ಹಲ್ವ ತೆಗೆದು ಬಾಯಿಗೆ ಹಾಕಿಕೊಂಡರು.

"ಹಿಟ್ಟು ಹಸಿ ಉಳಿದಿದೆ. ಇಷ್ಟು ಕಳಪೆ ಹಲ್ವ ತಿನ್ನಿಸ್ತಿದ್ದೀರಲ್ಲ, ಯಾರು ಹೋದದ್ದು?"

ಒಂದು ವಾರದಿಂದ ಇಡೀ ಬೀದಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಷ್ಟರಲ್ಲಿ ಪರ್ವಾನೆ ಬರಿಗಾಲಲ್ಲಿ ಓಡಿಬಂದು ಅವರನ್ನು ಅಪ್ಪಿಕೊಂಡು, ಮುಖ ಮೂತಿ ಮುಟ್ಟಿ ನೋಡುತ್ತ, ನಗುತ್ತ ಅಳುತ್ತ ಅಲ್ಲೇ ಕುಸಿದಳು. ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ತಾತನ ಕತ್ತಿ, ಬೆಲ್ಟು, ಪೀಚ್ ಹಣ್ಣು, ಕರಿ ಅಂಗಿ, ಮುಂದಕ್ಕೆ ಹೋದ ಮದುವೆ ಮಾತು, ಎಲ್ಲವನ್ನೂ ಅರ್ಧ ನೊರೆಯ ಬಾಯಲ್ಲಿ ಒಪ್ಪಿಸಿದೆ.

ಮೊದಲು ಸಿಟ್ಟಾದವನು ಉಸ್ತಾದ್ ಸಫ್ದರ್. "ಹಾಗಾದ್ರೆ ನನ್ನ ಬಿಟ್ಟು ಸ್ವಂತ ಬೋಳಿಸ್ಕೊಂಡ್ರಿ? ಆ ಗಾಯ ನೋಡಿ ನಾನು ರಾತ್ರಿ ಊಟ ಬಿಟ್ಟಿದ್ದೆ!" ಕತ್ತಿಯನ್ನು ಒರೆಸಿ, ಮಡಚಿ, ಪೆಟ್ಟಿಗೆಯಲ್ಲಿಟ್ಟ. "ಉಳಿದರ್ಧ ನಿಮ್ಮ ತಾತನ ಕತ್ತೀಲೇ ಆಗ್ಲಿ."

ಅಕ್ತರ್ ಖಾನಂ ಕಿಟಕಿಯಿಂದ ಜಗಲಿಗೇ ಬಂದರು. "ಬದುಕಿರೋರಿಗೆ ಸೂತಕ ಹಿಡಿಯೋ ಮನೆ. ಇಂಥ ಸಂಬಂಧ..." ಎಂದು ಗಂಡನ ಕಡೆ ತಿರುಗಿದರು. ಗುಲ್‌ನಾರ್ ಬಾಗಿಲ ಮರೆಯಲ್ಲಿ ಉಸಿರು ಹಿಡಿದು ನಿಂತಿದ್ದಳು.

"ಕೂತ್ಕೊಳ್ಳಿ ಅಕ್ತರ್ ಖಾನಂ" ಎಂದರು ಅತ್ತೆ. "ನೀವು ನನ್ನ ಹೆಸರಲ್ಲಿ ಹಲ್ವ ತಿಂದಿದ್ದೀರಿ. ಎಷ್ಟು ತುಂಡು ಅಂತ ಕೇಳಲ್ಲ. ನಾನು ಬದುಕಿದ್ದೀನಿ ಅಂದ್ಮೇಲೆ ಆ ಋಣ ಹಾಗೇ ಉಳೀತು. ಸತ್ತೋಳ ಮನೇಲಿ ಬೇಡ ಅಂದ ಮಾತನ್ನ ಬದುಕಿರೋಳ ಮನೇಲಿ ಆಡೋಕೇನಡ್ಡಿ? ಜನ ಇದ್ದಾರೆ, ಚಹಾ ಇದೆ, ಹುಡುಗ ಇಲ್ಲೇ ಕಂಬದ ಹಿಂದೆ ಬೆವರ್ತಿದ್ದಾನೆ. ಗುರುವಾರಕ್ಕೆ ಮತ್ತೆ ಯಾಕೆ ಅಷ್ಟು ದೂರ ಬರ್ತೀರಿ?"

"ಆದ್ರೆ ನಿಮ್ಮ ಅಳಿಯ..."

"ಅಳಿಯನ ಬುದ್ಧಿ ಮೊಮ್ಮಗಳಿಗೆ ಬಂದಿಲ್ಲ. ಅದಕ್ಕೆ ನಾನು ಜವಾಬ್ದಾರಿ."

ಬಹ್ರಾಮನ ತಂದೆಗೆ ನಗು ತಡೆಯಲಾಗಲಿಲ್ಲ. ಗಂಡ ನಕ್ಕಮೇಲೆ ಅಕ್ತರ್ ಖಾನಂ ತುಟಿಯೂ ಸಡಿಲಿತು. ಅತ್ತೆ ಮಿಠಾಯಿ ಪೆಟ್ಟಿಗೆ ಬಿಚ್ಚಿದರು, ಗುಲ್‌ನಾರ್ ಚಹಾ ತಂದಳು. ಮಾತು ಅಲ್ಲೇ ಮುಗಿಯಿತು. ಉಸ್ತಾದ್ ಸಫ್ದರ್ ಹೋಗಲಿಲ್ಲ, ಕೂತು ಮಿಠಾಯಿ ತಿಂದ, ಆದರೆ ನನ್ನ ಕೆನ್ನೆ ಮುಟ್ಟಲಿಲ್ಲ. "ಉಸ್ತಾದ್, ತಪ್ಪಾಯ್ತಪ್ಪ" ಎಂದೆ. "ನಾಳೆ ಅಂಗಡಿಗೆ ಬನ್ನಿ. ಸಾಲಿನಲ್ಲಿ ಕೂತ್ಕೊಳ್ಳಿ. ನಿಮ್ಮ ಮುಖ ಕೆಡಲ್ಲ" ಎಂದ.

ಫೋಟೋ ಅಂಗಡಿಯವನನ್ನು ಆಗಲೇ ಕರೆಸಿದರು. ಎಲ್ಲರೂ ಸಾಲಾಗಿ ನಿಂತು ಕ್ಯಾಮರಾ ನೋಡಿದರು. ನನ್ನನ್ನು ಮಾತ್ರ ಪರ್ವಾನೆ ಗದ್ದ ಹಿಡಿದು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದಳು, ಬಲಗೆನ್ನೆ ಮಾತ್ರ ಕಾಣುವ ಹಾಗೆ. ಆ ಫೋಟೋ ಈಗಲೂ ನಮ್ಮ ನಡುಮನೆಯಲ್ಲಿದೆ. ಹೊಸಬರು ಬಂದಾಗಲೆಲ್ಲ, "ಹುಡುಗಿಯ ತಂದೆ ಯಾಕೆ ಮುಖ ತಿರುಗಿಸಿಕೊಂಡಿದ್ದಾರೆ? ಈ ಸಂಬಂಧ ಒಪ್ಪಿಗೆ ಇರಲಿಲ್ಲವೇ?" ಎಂದು ಕೇಳುತ್ತಾರೆ. ನಾನು ಬಾಯಿ ತೆರೆಯುವ ಮುಂಚೆಯೇ ಬಾಗಿಲ ಸ್ಟೂಲಿನಿಂದ ಅತ್ತೆಯ ದನಿ ಬರುತ್ತದೆ:

"ಒಪ್ಪಿಗೆ ಏನೋ ಇತ್ತಪ್ಪ. ಆದ್ರೆ ಅವನ ಆ ಕಡೆ ಕೆನ್ನೇಲಿ ನಾನಿನ್ನೂ ಸತ್ತಿದ್ದೆ."